ಮ್ಯಾಕ್‌ಬೆತ್: ಸಾಲುಗಳನ್ನು ಜೋಡಿಯಾಗಿ ಓದುವ ಬಗೆ

ಸಿಲಬಸ್ಸಿನಲ್ಲಿ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕ ಇದೆ ಅಂದ ತಕ್ಷಣ ಹೆಚ್ಚಿನವರು ಗೈಡ್ ತೆಗೆದು ‘ಇಂಪಾರ್ಟೆಂಟ್ ಕೊಟೇಶನ್ಸ್’ ಇರುವ ಪುಟ ಹುಡುಕುತ್ತಾರೆ. ನಲವತ್ತೋ ಐವತ್ತೋ ಸಾಲು ಸಿಗುತ್ತವೆ. ಬಾಯಿಪಾಠ ಶುರುವಾಗುತ್ತದೆ. ಪರೀಕ್ಷೆಯ ದಿನ ಅರ್ಧ ಮರೆತು ಹೋಗಿರುತ್ತದೆ. ಉಳಿದ ಅರ್ಧವನ್ನು ಎಲ್ಲಿ ಸೇರಿಸಬೇಕು ಅಂತ ತಿಳಿಯುವುದಿಲ್ಲ. ಸಾಲೇನೋ ಬಾಯಲ್ಲಿದೆ, ಅದರ ಬಗ್ಗೆ ಹೇಳಲು ಮಾತಿಲ್ಲ.

ಐವತ್ತು ಬೇಡ, ಹದಿನೈದು ಸಾಕು. ಆದರೆ ಒಂದೊಂದನ್ನೂ ಅದರ ಜೋಡಿಯ ಜೊತೆ ಕಲಿಯಿರಿ. ಈ ನಾಟಕದಲ್ಲಿ ಮುಖ್ಯವಾದ ಎಷ್ಟೋ ಮಾತುಗಳು ಎರಡು ಸಲ ಬರುತ್ತವೆ. ಮೊದಲ ಸಲ ಒಂದು ಅರ್ಥ. ಆಮೇಲೆ ಇನ್ನೊಂದು ದೃಶ್ಯದಲ್ಲಿ, ಕೆಲವೊಮ್ಮೆ ಇನ್ನೊಬ್ಬರ ಬಾಯಲ್ಲಿ ತಿರುಗಿ ಬಂದಾಗ ಬೇರೆಯದೇ ಅರ್ಥ. ನಡುವೆ ಏನಾಯಿತು ಅಂತ ಹೇಳಲು ಬಂದರೆ ಉತ್ತರದ ಮುಕ್ಕಾಲು ಭಾಗ ಮುಗಿದ ಹಾಗೆ.

ಮೊದಲು ನಾಟಕ ಓದಿ ಮುಗಿಸಿ

ಶೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು. ಸುಮಾರು 2100 ಸಾಲು. ಹ್ಯಾಮ್ಲೆಟ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒಂದು ಭಾನುವಾರ ಕೂತರೆ ಮುಗಿಯುತ್ತದೆ. ಮೊದಲ ಓದಿನಲ್ಲಿ ಪೆನ್ಸಿಲ್ ಹಿಡಿಯಬೇಡಿ. ಅರ್ಥವಾಗದ ಪದ ಸಿಕ್ಕಿದಾಗಲೆಲ್ಲ ನಿಲ್ಲಬೇಡಿ. ಯಾರು ಯಾರನ್ನು ಕೊಂದರು, ಯಾರು ತಪ್ಪಿಸಿಕೊಂಡರು, ಕೊನೆಗೆ ಪಟ್ಟ ಯಾರಿಗೆ ಸಿಕ್ಕಿತು, ಇಷ್ಟು ಗೊತ್ತಾದರೆ ಸಾಕು.

ಇಂಗ್ಲಿಷ್ ತೀರಾ ಕಷ್ಟ ಅನ್ನಿಸಿದರೆ ಪಕ್ಕದಲ್ಲಿ ಕನ್ನಡ ಅನುವಾದ ಇಟ್ಟುಕೊಳ್ಳಿ. ಡಿ.ವಿ.ಜಿ. ಅವರೇ ಇದನ್ನು ಕನ್ನಡಕ್ಕೆ ತಂದಿದ್ದಾರೆ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಸಾಲುಗಳ ಕೆಲಸ ಮಾತ್ರ ಇಂಗ್ಲಿಷ್ ಮೂಲದಲ್ಲೇ ಆಗಬೇಕು. ವಾಷಿಂಗ್ಟನ್ನಿನ ಫೋಲ್ಜರ್ ಶೇಕ್ಸ್‌ಪಿಯರ್ ಲೈಬ್ರರಿ ಪೂರ್ತಿ ಪಠ್ಯವನ್ನು ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಅಲ್ಲಿ ಬೇಕಾದ ಪದವನ್ನು ಹುಡುಕಲೂಬಹುದು. ಜೋಡಿ ಪತ್ತೆ ಹಚ್ಚಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಬ್ಲಡ್, ನೈಟ್, ಸ್ಲೀಪ್, ಹ್ಯಾಂಡ್, ಡನ್, ಫೇಸ್. ಈ ಆರು ಪದ ಹಾಕಿ ನೋಡಿದರೆ ನಾಟಕದ ಅರ್ಧ ನಕ್ಷೆ ಕೈಗೆ ಬರುತ್ತದೆ.

ಇನ್ನೊಂದು ವಿಷಯ. ಸಾಲಿನ ಸಂಖ್ಯೆ ಒಂದು ಮುದ್ರಣದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಅಂಕ ಮತ್ತು ದೃಶ್ಯ ಮಾತ್ರ ಬರೆದಿಟ್ಟುಕೊಳ್ಳಿ.

ಎರಡನೇ ಓದು: ಯಾವ ಸಾಲು ಆರಿಸಬೇಕು?

ಹೆಸರುವಾಸಿ ಸಾಲುಗಳೆಲ್ಲ ಉಪಯೋಗಕ್ಕೆ ಬರುವುದಿಲ್ಲ. ಮಾಟಗಾತಿಯರ ‘ಡಬಲ್, ಡಬಲ್ ಟಾಯ್ಲ್ ಅಂಡ್ ಟ್ರಬಲ್’ ಎಲ್ಲರಿಗೂ ಗೊತ್ತು. ಆದರೆ ಲಯದ ಬಗ್ಗೆ ಬರೆಯುವಾಗ ಬಿಟ್ಟರೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ನನ್ನ ಅಳತೆಗೋಲು ಒಂದೇ. ಈ ಸಾಲು ಬೇರೆ ಎಲ್ಲಾದರೂ ಪ್ರತಿಧ್ವನಿಸುತ್ತದೆಯಾ? ಪ್ರತಿಧ್ವನಿಸಿದರೆ ಆರಿಸಿ.

ಮೊದಲ ದೃಶ್ಯದಲ್ಲೇ ಒಂದಿದೆ. ಮಾಟಗಾತಿಯರು ‘ಫೇರ್ ಈಸ್ ಫೌಲ್, ಅಂಡ್ ಫೌಲ್ ಈಸ್ ಫೇರ್’ ಅಂತ ಹೇಳಿ ಮಾಯವಾಗುತ್ತಾರೆ. ಚೆಂದದ್ದೇ ಕೆಟ್ಟದ್ದು, ಕೆಟ್ಟದ್ದೇ ಚೆಂದ. ಮೂರನೇ ದೃಶ್ಯದಲ್ಲಿ ಮ್ಯಾಕ್‌ಬೆತ್ ಮೊದಲ ಸಲ ರಂಗಕ್ಕೆ ಬರುತ್ತಾನೆ. ಅವನ ಮೊದಲ ಮಾತು, ‘ಸೋ ಫೌಲ್ ಅಂಡ್ ಫೇರ್ ಎ ಡೇ ಐ ಹ್ಯಾವ್ ನಾಟ್ ಸೀನ್’. ಯುದ್ಧ ಗೆದ್ದ ಒಳ್ಳೆಯ ದಿನ, ಹವೆ ಮಾತ್ರ ಕೆಟ್ಟದ್ದು, ಇಷ್ಟೇ ಅವನು ಹೇಳಿದ್ದು. ಆದರೆ ಅವನಿನ್ನೂ ಮಾಟಗಾತಿಯರನ್ನು ಕಂಡೇ ಇಲ್ಲ. ಅವರನ್ನು ನೋಡುವ ಮೊದಲೇ ಅವರ ಮಾತು ಅವನ ಬಾಯಲ್ಲಿದೆ. ‘ಮ್ಯಾಕ್‌ಬೆತ್ ಕೆಟ್ಟದ್ದು ಮಾಟಗಾತಿಯರಿಂದಲಾ, ತನ್ನಿಂದಲೇನಾ?’ ಅನ್ನುವ ಹಳೇ ಪ್ರಶ್ನೆಗೆ ಈ ಜೋಡಿಯೊಂದೇ ಸಾಕು.

ನೋಟ್‌ಬುಕ್ಕಿನ ಎಡಪುಟದಲ್ಲಿ ಮೊದಲ ಸಾಲು ಬರೆಯಿರಿ. ಬಲಪುಟ ಖಾಲಿ ಬಿಡಿ. ಓದುತ್ತಾ ಹೋದಂತೆ ಜೋಡಿ ಸಿಕ್ಕಿದಾಗ ತುಂಬಿಸಿ. ಕೊನೆಗೂ ಬಲಪುಟ ಖಾಲಿ ಉಳಿದರೆ ಆ ಸಾಲನ್ನು ಬಿಟ್ಟುಬಿಡಿ. ಎಷ್ಟೇ ಚೆನ್ನಾಗಿರಲಿ.

ಸಾಲಿನ ಆಚೆ ಈಚೆ ನೋಡಿ

ಪ್ರತಿ ಸಾಲಿಗೂ ಯಾರು ಹೇಳಿದರು, ಯಾರಿಗೆ ಹೇಳಿದರು ಅಂತ ಬರೆಯುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಹಿಂದಿನ ಕ್ಷಣ ಏನಾಯಿತು, ಮುಂದಿನ ಕ್ಷಣ ಏನಾಯಿತು ಅಂತಲೂ ಬರೆಯಿರಿ. ಎಷ್ಟೋ ಸಲ ಅರ್ಥ ಸಾಲಿನ ಪಕ್ಕದಲ್ಲಿರುತ್ತದೆ.

ಒಂದನೇ ಅಂಕ, ನಾಲ್ಕನೇ ದೃಶ್ಯ. ದ್ರೋಹ ಮಾಡಿದ ಕಾಡರ್ ಪಾಳೆಯಗಾರನ ತಲೆ ಹೋಗಿದೆ. ದೊರೆ ಡಂಕನ್ ಹೇಳುತ್ತಾನೆ, ‘ದೇರ್ಸ್ ನೋ ಆರ್ಟ್ ಟು ಫೈಂಡ್ ದ ಮೈಂಡ್ಸ್ ಕನ್‌ಸ್ಟ್ರಕ್ಷನ್ ಇನ್ ದ ಫೇಸ್’. ಮುಖ ನೋಡಿ ಮನಸ್ಸು ಅಳೆಯುವ ವಿದ್ಯೆ ಯಾವುದೂ ಇಲ್ಲ. ಅವನ ಮೇಲೆ ನಾನು ಪೂರ್ತಿ ನಂಬಿಕೆ ಇಟ್ಟಿದ್ದೆ, ಅನ್ನುತ್ತಾನೆ. ಬುದ್ಧಿವಂತನ ಮಾತು ಅನ್ನಿಸುತ್ತದೆ ಅಲ್ವಾ? ಈಗ ಮುಂದಿನ ಸಾಲು ನೋಡಿ. ‘ನಂಬಿಕೆ’ ಅನ್ನುವ ಪದ ಮುಗಿಯುತ್ತಿದ್ದಂತೆ ಹೊಸ ಕಾಡರ್ ಪಾಳೆಯಗಾರ, ಅಂದರೆ ಮ್ಯಾಕ್‌ಬೆತ್, ಒಳಗೆ ಬರುತ್ತಾನೆ. ಡಂಕನ್ ‘ಓ ವರ್ದಿಯಸ್ಟ್ ಕಸಿನ್’ ಅಂತ ಬರಮಾಡಿಕೊಳ್ಳುತ್ತಾನೆ. ಪಾಠ ಹೇಳಿದ ಉಸಿರಿನಲ್ಲೇ ಪಾಠ ಮರೆತ. ಶೇಕ್ಸ್‌ಪಿಯರ್ ಇದನ್ನು ಯಾರ ಬಾಯಲ್ಲೂ ಹೇಳಿಸುವುದಿಲ್ಲ. ಸುಮ್ನೆ ಒಂದು ಪ್ರವೇಶವನ್ನು ಅಲ್ಲಿ ಇಡುತ್ತಾನೆ.

ಇದರ ಜೋಡಿ ದೂರ ಇಲ್ಲ. ಮುಂದಿನ ದೃಶ್ಯದಲ್ಲೇ ಲೇಡಿ ಮ್ಯಾಕ್‌ಬೆತ್ ಗಂಡನಿಗೆ ‘ಯುವರ್ ಫೇಸ್, ಮೈ ಥೇನ್, ಈಸ್ ಆಸ್ ಎ ಬುಕ್’ ಅನ್ನುತ್ತಾಳೆ. ದೊರೆಗೆ ಓದಲು ಬಾರದ ಮುಖ ಹೆಂಡತಿಗೆ ತೆರೆದ ಪುಸ್ತಕ. ಒಂದನೇ ಅಂಕ ಮುಗಿಯುವ ಹೊತ್ತಿಗೆ ಮ್ಯಾಕ್‌ಬೆತ್ ಪಾಠ ಕಲಿತಿದ್ದಾನೆ. ‘ಫಾಲ್ಸ್ ಫೇಸ್ ಮಸ್ಟ್ ಹೈಡ್ ವಾಟ್ ದ ಫಾಲ್ಸ್ ಹಾರ್ಟ್ ಡತ್ ನೋ’. ಸುಳ್ಳು ಹೃದಯ ಬಲ್ಲದ್ದನ್ನು ಸುಳ್ಳು ಮುಖ ಮುಚ್ಚಿಡಬೇಕು.

ಒಂದು ಜೋಡಿಯನ್ನು ಪೂರ್ತಿ ಬಿಡಿಸೋಣ: ನೀರು ಮತ್ತು ಕೈ

ಎರಡನೇ ಅಂಕ, ಎರಡನೇ ದೃಶ್ಯ. ಮ್ಯಾಕ್‌ಬೆತ್ ದೊರೆ ಡಂಕನ್‌ನನ್ನು ಕೊಂದು ಬಂದಿದ್ದಾನೆ. ತನ್ನ ಕೈ ನೋಡಿಕೊಂಡು ಕೇಳುತ್ತಾನೆ, ‘ವಿಲ್ ಆಲ್ ಗ್ರೇಟ್ ನೆಪ್ಚೂನ್ಸ್ ಓಶನ್ ವಾಶ್ ದಿಸ್ ಬ್ಲಡ್ ಕ್ಲೀನ್ ಫ್ರಮ್ ಮೈ ಹ್ಯಾಂಡ್?’ ಇಡೀ ಸಮುದ್ರ ಸುರಿದರೂ ಈ ರಕ್ತ ಹೋಗುತ್ತದೆಯೇ? ಉತ್ತರವನ್ನೂ ಅವನೇ ಕೊಡುತ್ತಾನೆ. ಇಲ್ಲ, ಈ ಕೈಯೇ ಸಮುದ್ರವನ್ನೆಲ್ಲ ಕೆಂಪಾಗಿಸುತ್ತದೆ.

ಆ ಉತ್ತರವನ್ನು ಗಟ್ಟಿಯಾಗಿ ಓದಿ. ‘ದ ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್’. ಲ್ಯಾಟಿನ್ ಮೂಲದ ಎರಡು ಉದ್ದುದ್ದ ಪದ. ಬಾಯಿ ತುಂಬುತ್ತದೆ. ಅದರ ಬೆನ್ನಿಗೇ ‘ಮೇಕಿಂಗ್ ದ ಗ್ರೀನ್ ಒನ್ ರೆಡ್’. ಮೊದಲ ಪದ ಬಿಟ್ಟರೆ ಎಲ್ಲ ಒಂದೊಂದೇ ಅಕ್ಷರಘಟಕದ ಪುಟ್ಟ ಇಂಗ್ಲಿಷ್ ಪದ. ಮೊದಲು ದೊಡ್ಡ ಮಾತಿನ ಹಿಂದೆ ಅಡಗಿಕೊಳ್ಳಲು ನೋಡಿದ. ಆಗಲಿಲ್ಲ. ಕೊನೆಗೆ ಉಳಿದದ್ದು ‘ರೆಡ್’ ಅನ್ನುವ ಒಂದೇ ಬಣ್ಣ. ಭಾಷೆಯ ಬಗ್ಗೆ ಬರೆಯುವುದು ಅಂದರೆ ಇದೇ. ‘ಇಲ್ಲಿ ಹೈಪರ್ಬೊಲಿ (ಅತಿಶಯೋಕ್ತಿ) ಇದೆ’ ಅಂತ ಹೆಸರಿಟ್ಟು ಬಿಟ್ಟರೆ ಅರ್ಧ ಅಂಕ ಬರಬಹುದು. ಉದ್ದ ಪದದಿಂದ ಗಿಡ್ಡ ಪದಕ್ಕೆ ಇಳಿದದ್ದು ಯಾಕೆ ಅಂತ ಬರೆದರೆ ಓದುವವರು ತಲೆ ಎತ್ತುತ್ತಾರೆ.

ಅಷ್ಟರಲ್ಲಿ ಹೆಂಡತಿ ಬರುತ್ತಾಳೆ. ಅವಳ ಕೈಯೂ ಕೆಂಪು. ಅವಳ ಮಾತು ಮಾತ್ರ ತಣ್ಣಗಿದೆ. ‘ಎ ಲಿಟಲ್ ವಾಟರ್ ಕ್ಲಿಯರ್ಸ್ ಅಸ್ ಆಫ್ ದಿಸ್ ಡೀಡ್’. ಒಂಚೂರು ನೀರು ಸಾಕು. ಅವನಿಗೆ ಸಮುದ್ರ ಸಾಲದು, ಅವಳಿಗೆ ಒಂಚೂರು ಸಾಕು. ಇದು ಮೊದಲ ಜೋಡಿ.

ಈಗ ಐದನೇ ಅಂಕದ ಮೊದಲ ದೃಶ್ಯಕ್ಕೆ ಹೋಗಿ. ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುತ್ತಾ ಕೈ ಉಜ್ಜುತ್ತಿದ್ದಾಳೆ. ಕೆಲವೊಮ್ಮೆ ಕಾಲು ಗಂಟೆ ಹೀಗೇ ಉಜ್ಜುತ್ತಾಳೆ ಅಂತ ಅವಳ ಸಖಿ ವೈದ್ಯನಿಗೆ ಹೇಳುತ್ತಾಳೆ. ‘ಆಲ್ ದ ಪರ್ಫ್ಯೂಮ್ಸ್ ಆಫ್ ಅರೇಬಿಯಾ ವಿಲ್ ನಾಟ್ ಸ್ವೀಟನ್ ದಿಸ್ ಲಿಟಲ್ ಹ್ಯಾಂಡ್’. ‘ಲಿಟಲ್’ ಗಮನಿಸಿದಿರಾ? ಆಗ ನೀರು ಚೂರು ಸಾಕಾಗಿತ್ತು, ಈಗ ಕೈ ಚಿಕ್ಕದು, ಅರೇಬಿಯಾದ ಅತ್ತರೆಲ್ಲ ಸಾಲದು. ಗಂಡ ಆವತ್ತು ಆಡಿದ ಸಮುದ್ರದ ಮಾತನ್ನೇ ಇವತ್ತು ಅವಳು ತನ್ನ ಮಾತಲ್ಲಿ ಹೇಳುತ್ತಿದ್ದಾಳೆ. ಇನ್ನೊಂದು ಸಂಗತಿ. ಇಷ್ಟು ದಿನ ಪದ್ಯದಲ್ಲಿ ಮಾತಾಡಿದವಳು ಇಲ್ಲಿ ಗದ್ಯಕ್ಕೆ ಇಳಿದಿದ್ದಾಳೆ. ತುಂಡು ತುಂಡು ವಾಕ್ಯ. ಮನಸ್ಸಿನ ಹಿಡಿತ ತಪ್ಪಿದ್ದು ಪುಟದ ಮೇಲೆ ಕಣ್ಣಿಗೇ ಕಾಣುತ್ತದೆ.

ಗಂಡ ಏನಾದ? ಮೂರನೇ ಅಂಕದ ನಾಲ್ಕನೇ ದೃಶ್ಯದಲ್ಲಿ ಅವನು ರಕ್ತದ ಹೊಳೆಯಲ್ಲಿ ನಡೆಯುತ್ತಿದ್ದಾನೆ. ಇಷ್ಟು ದೂರ ಬಂದಾಯಿತು, ‘ರಿಟರ್ನಿಂಗ್ ವರ್ ಆಸ್ ಟೀಡಿಯಸ್ ಆಸ್ ಗೋ ಓ’ಅರ್’. ದಾಟುವುದು ಎಷ್ಟು ಬೇಸರವೋ ವಾಪಸು ಹೋಗುವುದೂ ಅಷ್ಟೇ. ಒಂದು ಹನಿಗೆ ನಡುಗಿದವನಿಗೆ ಈಗ ರಕ್ತ ಬೇಸರದ ವಿಷಯ. ಅವಳು ಅವನಿದ್ದ ಜಾಗಕ್ಕೆ ಬಂದಳು, ಅವನು ಅವಳಿದ್ದ ಜಾಗವನ್ನೂ ದಾಟಿ ಹೋದ. ನಾಲ್ಕು ಚಿಕ್ಕ ಸಾಲಿನಲ್ಲಿ ಇಬ್ಬರ ಇಡೀ ಕಥೆ ಬಂತು.

ಇದೇ ರೀತಿ ನೀವೇ ಬಿಡಿಸಬಹುದಾದ ಇನ್ನೊಂದು ಜೋಡಿ ಕೊಡುತ್ತೇನೆ. ಒಂದನೇ ಅಂಕದ ಐದನೇ ದೃಶ್ಯದಲ್ಲಿ ಅವಳು ‘ಕಮ್, ಥಿಕ್ ನೈಟ್’ ಅಂತ ಕತ್ತಲನ್ನು ಕರೆಯುತ್ತಾಳೆ. ಐದನೇ ಅಂಕದಲ್ಲಿ ಸಖಿ ಹೇಳುತ್ತಾಳೆ, ‘ಶಿ ಹ್ಯಾಸ್ ಲೈಟ್ ಬೈ ಹರ್ ಕಂಟಿನ್ಯುಅಲಿ’. ಯಾವಾಗಲೂ ಪಕ್ಕದಲ್ಲಿ ದೀಪ ಇರಬೇಕು, ಅದು ಅವಳ ಅಪ್ಪಣೆ. ಎರಡನೆಯದು ಯಾವ ಗೈಡಿನ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ಬರೆಯಿರಿ.

ಸಣ್ಣ ಪದಗಳ ಮೇಲೆ ಕಣ್ಣಿಡಿ

ಒಂದನೇ ಅಂಕ, ಏಳನೇ ದೃಶ್ಯ. ‘ಇಫ್ ಇಟ್ ವರ್ ಡನ್ ವೆನ್ ಟಿಸ್ ಡನ್, ದೆನ್ ಟ್ವರ್ ವೆಲ್ ಇಟ್ ವರ್ ಡನ್ ಕ್ವಿಕ್ಲಿ’. ಒಂದೂವರೆ ಸಾಲಿನಲ್ಲಿ ‘ಡನ್’ ಮೂರು ಸಲ. ಆದರೆ ‘ಇಟ್’ ಅಂದರೆ ಏನು? ಕೊಲೆ. ಅದರ ಹೆಸರೆತ್ತಲು ಅವನಿಗೆ ನಾಲಿಗೆ ಹೊರಳುವುದಿಲ್ಲ. ನಮ್ಮಲ್ಲೂ ಹೇಳಬಾರದ್ದನ್ನು ‘ಅದು’ ಅಂತ ದಾಟಿಸುತ್ತೇವಲ್ಲ, ಹಾಗೆ.

ಈ ‘ಡನ್’ ಹಿಂದೆ ಹೋಗಿ. ಮೂರನೇ ಅಂಕದಲ್ಲಿ ಲೇಡಿ ಮ್ಯಾಕ್‌ಬೆತ್ ‘ವಾಟ್ಸ್ ಡನ್ ಈಸ್ ಡನ್’ ಅಂತ ಗಂಡನಿಗೆ ಸಮಾಧಾನ ಹೇಳುತ್ತಾಳೆ. ಆಗಿದ್ದು ಆಯಿತು ಬಿಡಿ. ಐದನೇ ಅಂಕದಲ್ಲಿ ನಿದ್ದೆಗಣ್ಣಲ್ಲಿ ಅವಳೇ ‘ವಾಟ್ಸ್ ಡನ್ ಕೆನಾಟ್ ಬಿ ಅನ್‌ಡನ್’ ಅನ್ನುತ್ತಾಳೆ. ಆಗಿದ್ದನ್ನು ಇಲ್ಲವಾಗಿಸಲು ಆಗದು. ಸಮಾಧಾನದ ಮಾತೇ ಶಿಕ್ಷೆಯಾಗಿ ವಾಪಸು ಬಂತು.

ಕನ್ನಡದವರಿಗೆ ಒಂದು ಅನುಕೂಲವೂ ಇದೆ. ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲಿ ‘ದೌ’ ಮತ್ತು ‘ಯು’ ಎರಡೂ ಇದ್ದವು. ಹೆಚ್ಚು ಕಡಿಮೆ ನಮ್ಮ ನೀನು, ನೀವು ಇದ್ದ ಹಾಗೆ. ಈಗಿನ ಇಂಗ್ಲಿಷ್ ಓದುಗರು ಟಿಪ್ಪಣಿ ನೋಡಿ ಕಲಿಯಬೇಕಾದದ್ದು ನಮಗೆ ಕಿವಿಗೇ ಗೊತ್ತಾಗುತ್ತದೆ. ಅದೇ ಏಳನೇ ದೃಶ್ಯದಲ್ಲಿ ಮ್ಯಾಕ್‌ಬೆತ್ ‘ಈ ಕೆಲಸ ಬೇಡ’ ಅಂದಾಗ ಹೆಂಡತಿ ‘ಯು’ ಎಂದೇ ಬೈಯಲು ಶುರು ಮಾಡುತ್ತಾಳೆ. ನೀವು ತೊಟ್ಟುಕೊಂಡಿದ್ದ ಆಸೆಗೆ ಅಮಲೇರಿತ್ತಾ? ನಡುವೆ ಥಟ್ಟನೆ ‘ಸಚ್ ಐ ಅಕೌಂಟ್ ದೈ ಲವ್. ಆರ್ಟ್ ದೌ ಅಫಿಯರ್ಡ್?’ ನಿನ್ನ ಪ್ರೀತಿಯೂ ಇಷ್ಟೇ ಅಂದುಕೊಳ್ಳುತ್ತೇನೆ. ಹೆದರಿದೆಯಾ ನೀನು? ಬಹುವಚನ ಬಿಟ್ಟು ಏಕವಚನಕ್ಕೆ ಇಳಿದ ಜಾಗ ಯಾವುದು ನೋಡಿ. ‘ಪ್ರೀತಿ’ ಅನ್ನುವ ಪದ. ಸಲಿಗೆಯೂ ಅದರಲ್ಲಿದೆ, ತಿರಸ್ಕಾರವೂ ಇದೆ. ಇದೇ ಅರ್ಥ ಪ್ರತಿ ‘ದೌ’ಗೂ ಇರುತ್ತದೆ ಅಂತಲ್ಲ. ಒಬ್ಬರೇ ಮಾತಿನ ನಡುವೆ ಬದಲಾಯಿಸಿದ ಕಡೆ ಮಾತ್ರ ಗುರುತು ಹಾಕಿ.

ಲಯ: ಮೇಜು ತಟ್ಟಿ ನೋಡಿ

ಛಂದಸ್ಸಿನ ಬಗ್ಗೆ ಪುಟಗಟ್ಟಲೆ ಓದುವ ಅಗತ್ಯ ಇಲ್ಲ. ದೊಡ್ಡ ಪಾತ್ರಗಳು ಹೆಚ್ಚಾಗಿ ಐಯಾಂಬಿಕ್ ಪೆಂಟಾಮೀಟರ್‌ನಲ್ಲಿ ಮಾತಾಡುತ್ತವೆ. ಒಂದು ಮೆಲ್ಲಗೆ, ಒಂದು ಜೋರು, ಹೀಗೆ ಸಾಲಿಗೆ ಐದು ಜೋಡಿ. ಮಾಟಗಾತಿಯರದು ಹೆಚ್ಚಾಗಿ ನಾಲ್ಕೇ ಪೆಟ್ಟು, ಅದೂ ಜೋರಿನಿಂದ ಶುರು. ಬೆರಳಲ್ಲಿ ಮೇಜು ತಟ್ಟುತ್ತಾ ‘ಡಬಲ್, ಡಬಲ್’ ಹೇಳಿ, ವ್ಯತ್ಯಾಸ ತಾನೇ ಗೊತ್ತಾಗುತ್ತದೆ. ಅವರು ಮನುಷ್ಯರ ಲಯದಲ್ಲಿ ಮಾತಾಡುವವರಲ್ಲ.

ಲಯ ಮುರಿದ ಕಡೆ ಇನ್ನೂ ಮುಖ್ಯ. ಕೊಲೆಯಾದ ಕೂಡಲೇ ಗಂಡ ಹೆಂಡತಿ ಪಿಸುಗುಟ್ಟುತ್ತಾರೆ. ನೀವು ಮಾತಾಡಿದಿರಾ? ‘ವೆನ್?’ ‘ನೌ.’ ‘ಆಸ್ ಐ ಡಿಸೆಂಡೆಡ್?’ ‘ಐ.’ ಒಂದೊಂದು ಪದ. ಭಯದ ಬಗ್ಗೆ ಬರೆಯಬೇಕಾದರೆ ಕೊಲೆಗೆ ಮುಂಚೆ ಮ್ಯಾಕ್‌ಬೆತ್ ಆಡುವ ಕಠಾರಿಯ ಭಾಷಣಕ್ಕಿಂತ ನಾನು ಇದನ್ನೇ ಆರಿಸುತ್ತೇನೆ.

ಚರಿತ್ರೆ ಎಷ್ಟು ಬೇಕು?

ಸಾಲಿಗೆ ಬೆಳಕು ಬೀಳುವಷ್ಟು ಮಾತ್ರ. ಶೇಕ್ಸ್‌ಪಿಯರ್ 1564ರಲ್ಲಿ ಹುಟ್ಟಿದ ಅಂತ ಪೀಠಿಕೆ ಹಾಕಿದರೆ ಏನೂ ಸಿಗುವುದಿಲ್ಲ. ಇದರ ಬದಲು, ಎರಡನೇ ಅಂಕದಲ್ಲಿ ಕುಡಿದ ಬಾಗಿಲು ಕಾಯುವವ ‘ಈಕ್ವಿವೊಕೇಟರ್’, ಅಂದರೆ ಇಬ್ಬಗೆಯ ಮಾತಾಡುವವನೊಬ್ಬನನ್ನು ನರಕಕ್ಕೆ ಬರಮಾಡಿಕೊಳ್ಳುವ ತಮಾಷೆ ತೆಗೆದುಕೊಳ್ಳಿ. 1605ರ ನವೆಂಬರ್‌ನಲ್ಲಿ ಲಂಡನ್ನಿನ ಪಾರ್ಲಿಮೆಂಟನ್ನು ಮದ್ದುಗುಂಡಿನಿಂದ ಉಡಾಯಿಸುವ ಸಂಚು ಬಯಲಾಯಿತು. ಅದರಲ್ಲಿ ಸಿಕ್ಕಿಹಾಕಿಕೊಂಡ ಜೆಸ್ಯೂಟ್ ಪಾದ್ರಿ ಹೆನ್ರಿ ಗಾರ್ನೆಟ್‌ನ ವಿಚಾರಣೆ 1606ರಲ್ಲಿ ನಡೆಯಿತು. ಸುಳ್ಳು ಹೇಳದೆ ಇಬ್ಬಗೆಯ ಮಾತಾಡಿ ತಪ್ಪಿಸಿಕೊಳ್ಳುವುದು ಆಗ ಊರೆಲ್ಲ ಚರ್ಚೆಯಾದ ವಿಷಯ. ನಾಟಕವೂ ಸುಮಾರು ಅದೇ ಹೊತ್ತಿನದು. ಇದರ ಜೋಡಿ ಐದನೇ ಅಂಕದಲ್ಲಿದೆ. ಬರ್ನಮ್ ಕಾಡು ನಡೆದು ಬರುವ ತನಕ ನಿನಗೆ ಸೋಲಿಲ್ಲ ಅನ್ನುವ ಭವಿಷ್ಯವನ್ನು ಮ್ಯಾಕ್‌ಬೆತ್ ನಂಬಿದ್ದ. ಆ ಕಾಡು ನಡೆದು ಬರುತ್ತಿದೆ ಅಂತ ಕೇಳಿದಾಗ ಅವನಿಗೆ ತಾನು ಮೋಸ ಹೋದದ್ದು ಹೊಳೆಯುತ್ತದೆ. ‘ದ ಈಕ್ವಿವೊಕೇಶನ್ ಆಫ್ ದ ಫೀಂಡ್ ದಟ್ ಲೈಸ್ ಲೈಕ್ ಟ್ರೂತ್’. ನಿಜದ ವೇಷ ಹಾಕಿದ ಸುಳ್ಳು. ನಗಿಸಲು ಬಂದ ಪದವೇ ಕೊನೆಗೆ ಕುತ್ತಿಗೆ ಹಿಡಿಯಿತು.

ಬಾಯಿಪಾಠಕ್ಕೆ ಕೆಲವು ಸಲಹೆ

ಐದಾರು ಪದಕ್ಕಿಂತ ಉದ್ದ ಬೇಡ. ‘ಲಿಟಲ್ ವಾಟರ್’, ‘ವಾಲ್ಟಿಂಗ್ ಆಂಬಿಶನ್’, ‘ಬಾರೋಡ್ ರೋಬ್ಸ್’, ಇಂಥ ತುಂಡುಗಳು ವಾಕ್ಯದೊಳಗೆ ಸಲೀಸಾಗಿ ಕೂರುತ್ತವೆ. ಎಡಪುಟ ನೋಡಿ ಬಲಪುಟ ಬಾಯಲ್ಲಿ ಹೇಳಿ. ಮರುದಿನ ತಿರುಗಿಸಿ, ಬಲಪುಟ ನೋಡಿ ಎಡಪುಟ ಹೇಳಿ. ಜೋಡಿಯಾಗಿ ಕಲಿತದ್ದರಿಂದ ಒಂದು ಮರೆತರೆ ಇನ್ನೊಂದು ಎಳೆದು ತರುತ್ತದೆ.

ಜನರ ಬಾಯಲ್ಲಿ ಕೆಟ್ಟುಹೋದ ಸಾಲುಗಳ ಬಗ್ಗೆ ಹುಷಾರು. ‘ಲೀಡ್ ಆನ್, ಮ್ಯಾಕ್‌ಡಫ್’ ಅಲ್ಲ, ‘ಲೇ ಆನ್, ಮ್ಯಾಕ್‌ಡಫ್’. ಮುಂದೆ ನಡೆ ಅಂತಲ್ಲ, ಬಾ ಹೊಡೆ ಅಂತ. ‘ಬಬಲ್, ಬಬಲ್’ ಅಲ್ಲ, ‘ಡಬಲ್, ಡಬಲ್’. ವಾಟ್ಸಾಪ್ ಪೋಸ್ಟರ್‌ಗಳಿಂದ ಏನನ್ನೂ ನಕಲು ಮಾಡಬೇಡಿ.

ಉತ್ತರದಲ್ಲಿ ಹೇಗೆ ಬಳಸಬೇಕು

ಸೊರಗಿದ ಉತ್ತರ ಹೀಗಿರುತ್ತದೆ: ‘ಲೇಡಿ ಮ್ಯಾಕ್‌ಬೆತ್‌ಗೆ ಪಶ್ಚಾತ್ತಾಪವಾಯಿತು. ಅವಳು ಹೇಳುತ್ತಾಳೆ’, ಆಮೇಲೆ ಮೂರು ಸಾಲು ಕೊಟೇಶನ್, ಆಮೇಲೆ ‘ಇದರಿಂದ ಅವಳ ಪಶ್ಚಾತ್ತಾಪ ತಿಳಿಯುತ್ತದೆ’. ಹೇಳಿದ್ದನ್ನೇ ಹೇಳಿದಂತಾಯಿತು.

ಗಟ್ಟಿ ಉತ್ತರ ಹೀಗೆ: ‘ಕೊಲೆಯ ರಾತ್ರಿ “ಲಿಟಲ್ ವಾಟರ್” ಸಾಕು ಅಂದವಳು ಕೊನೆಗೆ ತನ್ನ “ಲಿಟಲ್ ಹ್ಯಾಂಡ್” ಮುಂದೆ ಸೋಲುತ್ತಾಳೆ. ಆ ಸಣ್ಣ ಪದ ಮೊದಲು ಅಪರಾಧವನ್ನು ಚಿಕ್ಕದು ಮಾಡಿತ್ತು, ಈಗ ಅವಳನ್ನೇ ಚಿಕ್ಕವಳನ್ನಾಗಿ ಮಾಡುತ್ತದೆ.’ ಕೊಟೇಶನ್ ನಾಲ್ಕೇ ಪದ, ಮಾತು ಜಾಸ್ತಿ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು ನಿಜ. ಮೊದಲು ಹೀಗೆ ಕನ್ನಡದಲ್ಲಿ ಹೇಳಿಕೊಂಡು ನೋಡಿ. ಹೇಳಲು ಏನಿದೆ ಅಂತ ಸ್ಪಷ್ಟವಾದರೆ ಇಂಗ್ಲಿಷ್ ವಾಕ್ಯ ಕಟ್ಟುವುದು ಅಷ್ಟು ಕಷ್ಟವಲ್ಲ.

ಕೊನೆಗೆ ಒಂದು ಅಭ್ಯಾಸ. ಐದನೇ ಅಂಕ, ಐದನೇ ದೃಶ್ಯ. ಹೆಂಡತಿ ಸತ್ತ ಸುದ್ದಿ ಬಂದಾಗ ಮ್ಯಾಕ್‌ಬೆತ್ ‘ಶಿ ಶುಡ್ ಹ್ಯಾವ್ ಡೈಡ್ ಹಿಯರ್‌ಆಫ್ಟರ್’ ಅಂತ ಶುರು ಮಾಡಿ ‘ಟುಮಾರೋ, ಅಂಡ್ ಟುಮಾರೋ, ಅಂಡ್ ಟುಮಾರೋ’ ಅನ್ನುತ್ತಾನೆ. ಮೊದಲು ‘ಹಿಯರ್‌ಆಫ್ಟರ್’ ಹುಡುಕಿ. ಒಂದನೇ ಅಂಕದಲ್ಲಿ ಮಾಟಗಾತಿಯೊಬ್ಬಳು ‘ದಟ್ ಶಾಲ್ಟ್ ಬಿ ಕಿಂಗ್ ಹಿಯರ್‌ಆಫ್ಟರ್’ ಅಂದಿದ್ದಳು. ಹೆಂಡತಿಯೂ ಗಂಡನನ್ನು ಬರಮಾಡಿಕೊಳ್ಳುವಾಗ ಅದೇ ಪದ ಬಳಸಿದ್ದಳು. ಆಗ ಆ ಪದದಲ್ಲಿ ಏನಿತ್ತು, ಈಗ ಏನು ಉಳಿದಿದೆ? ಆಮೇಲೆ ‘ಬ್ರೀಫ್ ಕ್ಯಾಂಡಲ್’ಗೆ ಜೋಡಿ ಹುಡುಕಿ, ಸುಳಿವು ಮೇಲೆಯೇ ಕೊಟ್ಟಿದ್ದೇನೆ. ‘ಪೂರ್ ಪ್ಲೇಯರ್’, ಅಂದರೆ ಬಡಪಾಯಿ ನಟ, ಅನ್ನುವ ಮಾತನ್ನು ರಂಗದ ಮೇಲೆ ನಿಂತ ಒಬ್ಬ ನಟನೇ ಹೇಳುತ್ತಿದ್ದಾನೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗೈಡ್ ಮುಚ್ಚಿಟ್ಟು, ಒಂದೇ ಪುಟದಲ್ಲಿ ಬರೆಯಿರಿ.